ವೈರಮನ್ ಸದಾಶಿವನ ಸಹಿ

ಬೈಲಹೊಂಗಲದ ವೈರಮನ್ ಸದಾಶಿವನಿಗೆ ತನ್ನ ಸಹಿಯ ಮೇಲೆ ವಿಪರೀತ ಅಭಿಮಾನ. ನೋಡಲು ಅದೇನು ಚಂದದ ಸಹಿಯಲ್ಲ. ಮೊದಲಕ್ಷರದ ಹೊಟ್ಟೆ ಊದಿಕೊಂಡು, ಕೊನೆಯಕ್ಷರದ ಬಾಲ ಕೆಳಗಿನ ಸಾಲಿಗೆ ಜೋತುಬಿದ್ದು, ಉಂಡು ಮಲಗಿದವನ ಹಾಗೆ ಕಾಣುತ್ತದೆ. ಆದರೆ ಅದರ ಕೆಳಗೆ ಲೈಸೆನ್ಸ್ ನಂಬರು ಬಿದ್ದಿತೆಂದರೆ ಕಾಗದಕ್ಕೆ ಜೀವ ಬರುತ್ತದೆ. ಆ ಕಾಗದವಿಲ್ಲದೆ ಹೊಸ ಮನೆಗೆ ಮೀಟರ್ ಕೂರುವುದಿಲ್ಲ, ಹಿಟ್ಟಿನ ಗಿರಣಿಗೆ ಕರೆಂಟ್ ಸಿಗುವುದಿಲ್ಲ. ‘ಸದಾಶಿವ ಸಹಿ ಹಾಕ್ಯಾನಂದ್ರ ಬೆಂಕಿ ಹತ್ತಂಗಿಲ್ಲ’ ಎಂದು ಊರಲ್ಲಿ ಅನ್ನುತ್ತಾರೆ. ಈ ಮಾತು ಕಿವಿಗೆ ಬಿದ್ದ ದಿನ ಅವನು ಮನೆಗೆ ಬಂದು ಒಂದು ರೊಟ್ಟಿ ಹೆಚ್ಚಿಗೆ ತಿನ್ನುತ್ತಾನೆ.

ಅಭಿಮಾನಕ್ಕೆ ಕಾರಣವಿದೆ. ಅವನ ಅಪ್ಪ ಶಂಕ್ರೆಪ್ಪ ಕರೆಂಟ್ ಕಂಬ ಹೊರುವ ಗ್ಯಾಂಗಿನಲ್ಲಿದ್ದವನು. ಸವದತ್ತಿ, ರಾಮದುರ್ಗದ ಕಡೆಯ ಎಷ್ಟೋ ಹಳ್ಳಿಗಳಿಗೆ ಮೊದಲ ಕಂಬ ಹೋದದ್ದು ಅವನಂಥವರ ಹೆಗಲ ಮೇಲೆ. ಊರಿಗೆಲ್ಲ ಬೆಳಕು ಬಂದ ಮೇಲೂ ಅವನ ಕೇರಿಗೆ ತಂತಿ ಎಳೆಯಲು ಹನ್ನೊಂದು ವರ್ಷ ಹಿಡಿಯಿತು. ಪಗಾರದ ದಿನ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಯಾವುದಾದರೂ ಕಂಬಕ್ಕೆ ಒರೆಸಿ ಬರುತ್ತಿದ್ದ. ಮಗ ಐಟಿಐ ಮುಗಿಸಿ, ಪರೀಕ್ಷೆ ಕೊಟ್ಟು, ಲೈಸೆನ್ಸ್ ತಂದಾಗ ಮುದುಕ ಅದಕ್ಕೆ ಕಟ್ಟು ಹಾಕಿಸಿ ಬುದ್ಧನ ಪಟದ ಪಕ್ಕ ತೂಗುಹಾಕಿದ. ಓದಲು ಬಾರದಿದ್ದರೂ ದಿನಾ ಒಮ್ಮೆ ಅದರ ಮುಂದೆ ನಿಂತು ನೋಡುತ್ತಿದ್ದ.

ಸದಾಶಿವನಿಗೆ ಮೊದಲೆಲ್ಲ ಕೆಲವು ಮನೆಗಳಲ್ಲಿ ಕಟ್ಟೆಯ ಮೇಲೆಯೇ ಚಹಾ. ಫ್ಯೂಸ್ ಹೋಗಿ ಮಿಕ್ಸರ್ ನಿಂತ ದಿನ ಅದೇ ಮನೆಯವರು ಅವನನ್ನು ಅಡುಗೆಮನೆಯ ತನಕ ಕರೆದೊಯ್ದರು. ಕತ್ತಲೆ ಬಿದ್ದಾಗ ಮಡಿ ಮೈಲಿಗೆ ಯಾರಿಗೂ ನೆನಪಾಗುವುದಿಲ್ಲ ಎಂದು ಅವನು ಹೆಂಡತಿ ಗಂಗಾಳ ಮುಂದೆ ನಗುತ್ತಿದ್ದ. ನಗುತ್ತಿದ್ದನೇ ಹೊರತು ಮರೆತಿರಲಿಲ್ಲ. ಕೆಲಸದಲ್ಲಿ ಒಂದು ಮೊಳೆ ಕೂಡ ಕಡಿಮೆ ಹೊಡೆಯಬಾರದು ಎಂಬ ಹಟ ಅವನಿಗೆ ಬಂದದ್ದು ಅಲ್ಲಿಂದಲೇ.

ಇಂಥವನ ಬಾಳಿನೊಳಗೆ ಸಾಫ್ಟ್‌ವೇರ್ ಕಂಪನಿ ಬಂದದ್ದು ಕಿತ್ತೂರಿನಲ್ಲಿ. ಹತ್ತು ವರ್ಷದ ಹಿಂದೆ ಹೆದ್ದಾರಿಯ ಪಕ್ಕದ ಎರಡಂತಸ್ತಿನ ಕಟ್ಟಡಕ್ಕೆ ವೈರಿಂಗ್ ಮಾಡಬೇಕೆಂದು ಕರೆ ಬಂತು. ಕರೆದವರು ಕಂಪನಿಯ ಮ್ಯಾನೇಜರ್ ಕೌಶಿಕ. ಮೂಲ ಸವದತ್ತಿಯವರು, ಅವರ ಅಜ್ಜ ಸಂಸ್ಕೃತ ಹೇಳಿಕೊಡುತ್ತಿದ್ದವರಂತೆ. ಕೌಶಿಕ ಮೆತ್ತಗೆ ಮಾತಾಡುವ ಮನುಷ್ಯ, ಎಂದೂ ದನಿ ಏರಿಸಿದವರಲ್ಲ. ಮೊದಲ ದಿನವೇ ತಮ್ಮ ಡಬ್ಬಿಯ ಅವಲಕ್ಕಿಯಲ್ಲಿ ಅರ್ಧ ಸದಾಶಿವನಿಗೆ ಕೊಟ್ಟು ಎದುರಿಗೇ ಕೂತು ತಿಂದರು. ಸದಾಶಿವ ಕರಗಿಹೋಗಲು ಅಷ್ಟು ಸಾಕಾಗಿತ್ತು.

ಐದು ವರ್ಷ ಕಿತ್ತೂರಿನ ಆ ಕಟ್ಟಡ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಆಮೇಲೆ ಒಂದು ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. ನಷ್ಟವಾಯಿತೆಂದು ಯಾರೋ ಅಂದರು. ಎರಡು ತಿಂಗಳಿಗೆ ಬೈಲಹೊಂಗಲದಲ್ಲಿ ಹಳೆಯ ಅರಳೆ ಗೋದಾಮಿನ ಮೇಲೆ ಬೇರೆ ಹೆಸರಿನ ಬೋರ್ಡು ಎದ್ದಿತು, ವೈರಿಂಗ್‌ಗೆ ಮತ್ತೆ ಸದಾಶಿವನಿಗೇ ಕರೆ ಬಂತು, ಕರೆದವರು ಮತ್ತೆ ಕೌಶಿಕರೇ. ‘ಕಂಪನಿ ಬದಲಿ ಮಾಡಿದೆ ಸದಾಶಿವರ, ಇದು ಚೊಲೋ ಅದ’ ಎಂದರು. ಕಿತ್ತೂರಿನ ಹುಡುಗರು ಏನಾದರೆಂದು ಸದಾಶಿವ ಕೇಳಲಿಲ್ಲ. ಕೇಳಬೇಕಾಗಿತ್ತು. ತನ್ನ ಊರಿಗೆ ಕಂಪನಿ ಬಂದ ಸಡಗರದಲ್ಲಿ ಪಕ್ಕದ ಊರಿನದು ಹೋದದ್ದನ್ನು ಯಾರೂ ಕೇಳುವುದಿಲ್ಲ.

ಬಂದದ್ದರಿಂದ ಊರಿಗೆ ಒಳ್ಳೆಯದಾಗಲಿಲ್ಲ ಎಂದರೆ ಅದು ಸುಳ್ಳಾಗುತ್ತದೆ. ನೂರ ಇಪ್ಪತ್ತು ಹುಡುಗ ಹುಡುಗಿಯರಿಗೆ ಕೆಲಸ ಸಿಕ್ಕಿತು. ಖಾನಾವಳಿಗಳು ಎರಡಿದ್ದದ್ದು ಐದಾದವು. ಯರಗಟ್ಟಿ, ಕಿತ್ತೂರಿನಿಂದ ಬರುವ ಬೆಳಗಿನ ಬಸ್ಸುಗಳಲ್ಲಿ ಕೊರಳಿಗೆ ಕಾರ್ಡು ಹಾಕಿಕೊಂಡ ಹುಡುಗಿಯರು ಕಾಣತೊಡಗಿದರು. ಊರಿನೊಳಗೆ ಕೆಲಸ ಸಿಕ್ಕವರಲ್ಲಿ ಒಬ್ಬಳು ಸದಾಶಿವನ ಮಗಳು ರೇಣು. ಊರಿನ ಕಾಲೇಜಿನಲ್ಲೇ ಬಿಸಿಎ ಓದಿದವಳು, ಓದು ಮುಗಿದ ವರ್ಷವೇ ಸೇರಿದಳು. ಆಸ್ಪತ್ರೆಗಳಿಗೆ ಮಾರುವ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ‘ಅಪ್ಪಾ, ನೀ ಟೆಸ್ಟರ್ ಹಚ್ಚಿ ಕರೆಂಟ್ ಎಲ್ಲೆ ಸೋರತೈತಿ ನೋಡತಿಯಲ್ಲ, ನಂದೂ ಅದ ಕೆಲಸ’ ಎಂದು ವಿವರಿಸಿದಾಗ ಸದಾಶಿವನಿಗೆ ಎದೆ ಉಬ್ಬಿತು. ನಾಲ್ಕು ವರ್ಷದಲ್ಲಿ ಅವಳ ಕೈಕೆಳಗೆ ಎಂಟು ಜನ. ಕಾಯಿಪಲ್ಲೆ ಮಾರುವವಳಿಂದ ಹಿಡಿದು ಪೋಸ್ಟ್‌ಮನ್ ತನಕ ಅವಳನ್ನು ‘ಮೇಡಂ’ ಎನ್ನುತ್ತಿದ್ದರು. ಸವದತ್ತಿ ಕಡೆಯಿಂದ ಬಂದ ಒಂದು ಸಂಬಂಧವನ್ನು, ಮದುವೆಯಾದ ಮೇಲೆ ಕೆಲಸ ಬಿಡಬೇಕು ಎಂದದ್ದಕ್ಕೆ ರೇಣುವೇ ನೆಟ್ಟಗೆ ಬೇಡವೆಂದಳು. ಅವಳನ್ನು ದೂರದ ಊರಿಗೆ ಕಳಿಸಲು ಗಂಗಾ ಸುತರಾಂ ಒಪ್ಪುವವಳಲ್ಲ. ಈ ಕೆಲಸ ಹೋಯಿತೆಂದರೆ ಬಟ್ಟೆಯಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವುದೊಂದೇ ಗತಿ, ಇಲ್ಲವೇ ಅದೇ ಸವದತ್ತಿಯ ಮನೆ.

ಈ ಜನವರಿಯಿಂದ ಮಾತ್ರ ಸದಾಶಿವನಿಗೆ ಆ ಗೋದಾಮಿನ ಗಾಳಿ ಸರಿ ಅನ್ನಿಸಲಿಲ್ಲ. ವರ್ಷಕ್ಕೊಮ್ಮೆ ಜನರೇಟರ್ ರಿಪೇರಿಗೆ ಅವನನ್ನು ಕರೆಯುತ್ತಿದ್ದರು, ಈ ಸಲ ಕರೆಯಲಿಲ್ಲ. ನೀರಿನ ಕ್ಯಾನಿನವನಿಗೆ ತಿಂಗಳ ಲೆಕ್ಕ ಬಿಟ್ಟು ವಾರದ ಲೆಕ್ಕಕ್ಕೆ ಕೊಡು ಎಂದರು. ಆಮೇಲೆ ನಲವತ್ತು ಕಂಪ್ಯೂಟರ್‌ಗಳನ್ನು ಸರ್ವೀಸಿಗೆಂದು ಟೆಂಪೋದಲ್ಲಿ ತುಂಬಿಕೊಂಡು ಹೋದರು. ‘ನಮ್ಮ ವಿಭಾಗದಾಗ ಇಬ್ಬರಿಗೊಂದು ಆಗ್ಯಾವ ಅಪ್ಪಾ, ಒಬ್ಬರು ಕೆಲಸ ಮಾಡಬೇಕು ಒಬ್ಬರು ನೋಡಕೋಂತ ಕುಂದ್ರಬೇಕು’ ಎಂದಳು ರೇಣು. ನಗುತ್ತಲೇ ಹೇಳಿದಳು. ಸದಾಶಿವನಿಗೆ ನಗು ಬರಲಿಲ್ಲ. ಮನೆ ಬಿಡುವವರು ಮೊದಲು ಅಟ್ಟದ ಸಾಮಾನು ಇಳಿಸುತ್ತಾರೆ, ಅದು ಅವನಿಗೆ ಗೊತ್ತಿತ್ತು.

ಫೆಬ್ರುವರಿ ಮೊದಲ ವಾರ ಕೌಶಿಕರ ಫೋನ್ ಬಂತು. ರಾಮದುರ್ಗದಲ್ಲಿ ಒಂದು ಸಣ್ಣ ಕೆಲಸವಿದೆ, ಮನೆಯಲ್ಲಿ ಹೇಳುವುದು ಬೇಡ ಎಂದರು. ಸದಾಶಿವ ಹೆಂಡತಿ ಮಗಳ ಮುಂದೆ, ರಾಮದುರ್ಗದಲ್ಲಿ ಬೀಜದ ಗೋದಾಮೊಂದರ ವೈರಿಂಗ್ ಹಿಡಿದಿದ್ದೇನೆ ಎಂದು ಹೇಳಿ ಯರಗಟ್ಟಿಯ ಮೇಲೆ ಹೋಗುವ ಬಸ್ಸು ಹತ್ತಿದ.

ಅದು ಮಗ್ಗಗಳು ನಿಂತುಹೋದ ಒಂದು ಶೆಡ್ಡು. ನೆಲದಲ್ಲಿ ಮಗ್ಗದ ಬೋಲ್ಟುಗಳ ತೂತು ಹಾಗೇ ಇದ್ದವು, ಅವುಗಳ ಮೇಲೆ ಹೊಸ ಫರಸಿ ಹಾಸುತ್ತಿದ್ದರು. ಮೇಜುಗಳು ಆಗಲೇ ಬಂದಿದ್ದವು. ಹನ್ನೆರಡು ದಿನ ಸದಾಶಿವ ಅಲ್ಲಿ ವೈರ್ ಎಳೆದ. ಹದಿಮೂರನೆಯ ದಿನ ಡಬ್ಬಿಗಳು ಬಂದವು. ಹೊಸ ರಟ್ಟು, ಹೊಸ ಅಂಟುಪಟ್ಟಿ, ಮೇಲೆ ಹೊಳೆಯುವ ಚೀಟಿ. ಅವನು ಒಂದನ್ನು ಬಿಚ್ಚಿ ಕಂಪ್ಯೂಟರ್ ಹೊರಗೆ ತೆಗೆದು, ವೈರ್ ಚುಚ್ಚಲು ಬೆನ್ನು ತನ್ನ ಕಡೆ ತಿರುಗಿಸಿದ.

ಬೆನ್ನಿನ ಮೇಲೆ, ವೈರ್ ಕೂರುವ ತೂತಿನ ಪಕ್ಕ, ಕುಂಕುಮದ ಬೊಟ್ಟು.

ಅವನಿಗೆ ಏನೂ ಊಹೆ ಮಾಡಬೇಕಾಗಿರಲಿಲ್ಲ. ದಸರೆಯಲ್ಲಿ ಖಂಡೆ ಪೂಜೆಯ ದಿನ ಬೈಲಹೊಂಗಲದ ಆಫೀಸಿನಲ್ಲಿ ಹುಡುಗಿಯರು ಪ್ರತಿಯೊಂದು ಕಂಪ್ಯೂಟರಿಗೂ ಅರಿಷಿಣ ಕುಂಕುಮ ಹಚ್ಚುತ್ತಾರೆ. ಮೊದಲ ವರ್ಷ ಮುಂದೆ ಹಚ್ಚಿ, ನೀರು ಒಳಗಿಳಿದು ಎರಡರ ಸ್ವಿಚ್ ಸುಟ್ಟಿತ್ತು. ರಿಪೇರಿಗೆ ಹೋದ ಸದಾಶಿವನೇ, ಪೂಜೆ ಮಾಡುವುದಿದ್ದರೆ ಹಿಂದೆ ಹಚ್ಚಿರಿ, ಮುಂದೆ ಬೇಡ ಎಂದು ಬೈದು ಬಂದಿದ್ದ. ತನ್ನ ಮನೆಯಲ್ಲಿ ಕುಂಕುಮದ ಪೂಜೆ ಇಲ್ಲ. ಆದರೆ ನಾಲ್ಕು ತಾಲೂಕಿನಲ್ಲಿ ಯಂತ್ರಕ್ಕೆ ಬೆನ್ನಿನ ಮೇಲೆ ಬೊಟ್ಟಿಡುವ ಆಫೀಸು ಅದೊಂದೇ ಎಂದು ಅವನು ಆಣೆ ಮಾಡಿ ಹೇಳಬಲ್ಲವನಾಗಿದ್ದ. ಕಟ್ಟಿ ಕಳಿಸಿದವರು ಮುಂಭಾಗವನ್ನು ಕನ್ನಡಿಯಂತೆ ಒರೆಸಿದ್ದರು, ಹಿಂದೆ ನೋಡಿರಲಿಲ್ಲ. ಗಾಳಿಯಾಡುವ ಜಾಲರಿಯೊಳಗೆ ಯಾರೋ ಸಿಕ್ಕಿಸಿದ ಬನ್ನಿ ಎಲೆ ಒಣಗಿ ಕೂತಿತ್ತು. ಎರಡನೆಯ ಡಬ್ಬಿ ಬಿಚ್ಚಿದ, ಅದರಲ್ಲೂ ಅದೇ. ಹತ್ತು ಬಿಚ್ಚಿ, ಬೆನ್ನು ಈ ಕಡೆ ಮಾಡಿ ಸಾಲಾಗಿ ಇಟ್ಟ.

ಕೌಶಿಕ ಬಂದರು. ಬೊಟ್ಟು ನೋಡಿದರು. ಮುಚ್ಚಿಡುವ ಪ್ರಯತ್ನ ಮಾಡಲಿಲ್ಲ, ಒಂದು ಖುರ್ಚಿ ಎಳೆದುಕೊಂಡು ಕೂತರು.

‘ಕುಂತ್ಕೊಳ್ರಿ ಸದಾಶಿವರ. ನಿಮಗ ತಿಳಿಸಿ ಹೇಳ್ತೇನಿ. ದೊಡ್ಡ ಊರು ಬಿಟ್ಟು ತಾಲೂಕಿಗೆ ಬರೋ ಕಂಪನಿಗೆ ಐದು ವರ್ಷ ಸರಕಾರದ ತೆರಗಿ ಸವಲತ್ತು ಅದ. ತೆರಗಿ ಮಾಫಿ, ಕರೆಂಟ್ ಬಿಲ್ಲಿನಾಗ ಬಿಟ್ಟು ಕೊಡ್ತಾರ, ಹೊಸಾ ಹುಡುಗರನ್ನ ತಗೊಂಡ್ರ ತಲಿಗಿಷ್ಟು ಅಂತ ಬರ್ತದ. ಅದು ಇಲ್ಲಾಂದ್ರ ಈ ಕಡೆ ಯಾವ ಕಂಪನಿ ಹಣಿಕಿ ಹಾಕ್ತಿತ್ತು ಹೇಳ್ರಿ? ನಿಮ್ಮ ರೇಣುಗ ಕೆಲಸ ಸಿಕ್ಕದ್ದೂ ಅದರಿಂದನ.’

‘ಐದು ವರ್ಷ ಆದ ಮ್ಯಾಲ?’

‘ಆದ ಮ್ಯಾಲ ಪೂರಾ ತೆರಗಿ ಕಟ್ಟಬೇಕು. ಮ್ಯಾಲಿನವರಿಗೆ ಅದು ಹೊಂದೂದಿಲ್ಲ. ಅದಕ್ಕ ಹೊಸಾ ಊರಾಗ ಹೊಸಾ ಹೆಸರಲೆ ಹೊಸಾ ಘಟಕ. ಮತ್ತ ಐದು ವರ್ಷ.’

‘ಕಿತ್ತೂರಿಂದೂ ಹಿಂಗ ಆಗಿತ್ತೇನ್ರಿ?’

ಕಿತ್ತೂರು ಮುಗಿಯಿತು, ಬೈಲಹೊಂಗಲ ಮುಗಿಯುತ್ತಿದೆ, ಈಗ ರಾಮದುರ್ಗ, ಇದಾದ ಮೇಲೆ ಸವದತ್ತಿ. ಮೇವು ತೀರಿದಂತೆ ಮುಂದಿನ ಹೊಲಕ್ಕೆ ಹೋಗುವ ಕುರಿಗಾರನ ಹಾಗೆ ಕಂಪನಿ ಹೊರಟಿತ್ತು. ಒಂದು ವ್ಯತ್ಯಾಸವೆಂದರೆ ಕುರಿಗಾರ ತನ್ನ ಕುರಿಗಳನ್ನು ಜೊತೆಗೆ ಕರೆದೊಯ್ಯುತ್ತಾನೆ.

‘ಘಟಕ ಹೊಸದು ಅಂತ ತೋರಸ್ಬೇಕು’ ಎಂದರು ಕೌಶಿಕ. ‘ಹಳೇದನ್ನ ಮುರದು ಕಟ್ಟಿದ್ದಲ್ಲ, ಹಳೇ ಯಂತ್ರ ತಂದದ್ದಲ್ಲ ಅಂತ. ಬಿಲ್ಲು ಬೇಕಾದಷ್ಟು ಅವ. ಕಣ್ಣಾರೆ ನೋಡಿದ ಲೈಸೆನ್ಸಿನ ಮನಷ್ಯಾನ ಪತ್ರ ಒಂದು ಬೇಕು.’

ಕಾಗದ ಆಗಲೇ ಟೈಪಾಗಿ ಬಂದಿತ್ತು. ಈ ಘಟಕದ ವೈರಿಂಗ್, ಯುಪಿಎಸ್, ಗಣಕಯಂತ್ರ ಎಲ್ಲವೂ ಹೊಸವು, ಬೇರೆ ಯಾವ ಘಟಕದಿಂದಲೂ ತಂದವಲ್ಲ, ನಾನು ಖುದ್ದು ಪರಿಶೀಲಿಸಿದ್ದೇನೆ ಎಂದು ಅದರಲ್ಲಿತ್ತು. ಕೆಳಗೆ ಸದಾಶಿವನ ಹೆಸರು, ಲೈಸೆನ್ಸ್ ನಂಬರು, ನಡುವೆ ಖಾಲಿ ಜಾಗ.

‘ನನ್ನ ಕಡಿಂದ ಆಗಂಗಿಲ್ರಿ’ ಎಂದು ಎದ್ದು ನಿಂತ ಸದಾಶಿವ. ‘ಇಪ್ಪತ್ತಾರು ವರ್ಷದಾಗ ಒಂದೂ ಸುಳ್ಳ ಕಾಗದಕ್ಕ ಸಹಿ ಮಾಡಿಲ್ಲ ನಾ. ಅಲ್ಲಿ ನೂರಾ ಇಪ್ಪತ್ತ ಮಂದಿ ಅದಾರ್ರಿ.’

‘ಅವರದು ಹೆಂಗೂ ಮಾರ್ಚಿಗೆ ಮುಗೀತದ. ನೀವು ಸಹಿ ಮಾಡಿದ್ರೂ ಮುಗೀತದ, ಬಿಟ್ರೂ ಮುಗೀತದ. ನೀವು ಬಿಟ್ರ ಇಲ್ಲಿಯ ತೊಂಬತ್ತು ಹುಡುಗರದೂ ಹೋಗ್ತದ, ಅಷ್ಟ.’ ಕೌಶಿಕ ಖುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಇನ್ನೂ ಮೆತ್ತಗೆ ಹೇಳಿದರು: ‘ರೇಣುದು ಬ್ಯಾರೆ. ಆಕಿ ಕೆಲಸದ ಆರ್ಡರ್ ನಾ ಆಗಲೇ ಮಾಡಿಸಿ ಇಟ್ಟೇನಿ. ಇಲ್ಲಿ ಲೀಡರ್ ಅಂತ ತಗೋತೇವಿ. ವ್ಯಾನು ಬರ್ತದ, ಮುಂಜಾನೆ ಹೋಗಿ ಸಂಜಿಗೆ ಬರ್ತಾಳ. ನನ್ನ ಡ್ರಾವರಿನಾಗ ಅದ.’

ಸದಾಶಿವ ಕೂತ. ನೂರ ಇಪ್ಪತ್ತು ಮುಖಗಳಲ್ಲಿ ಒಂದನ್ನು ಹೊರಗೆ ತೆಗೆದು ಅವನ ಮುಂದಿಟ್ಟಿದ್ದರು. ಎಂಥ ನಿಯತ್ತಿನವನಿಗೂ ಆ ಒಂದು ಮುಖದ ಮುಂದೆ ಉಳಿದವರು ಮಸಕಾಗುತ್ತಾರೆ. ಅವನನ್ನು ಬೈಯುವ ಮೊದಲು ನಮ್ಮ ನಮ್ಮ ಮಕ್ಕಳ ಮುಖ ಒಮ್ಮೆ ನೆನೆದುಕೊಳ್ಳುವುದು ಒಳ್ಳೆಯದು. ಅವನು ಸಹಿ ಮಾಡಿದ. ಹೊಟ್ಟೆ ಊದಿದ ಮೊದಲಕ್ಷರ, ಜೋತುಬಿದ್ದ ಬಾಲ, ಎಲ್ಲ ಎಂದಿನಂತೆಯೇ ಬಂತು. ಬೇರೆ ಥರ ಬಂದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆಮೇಲೆ ಒಂದು ಚಿಂದಿ, ಒಂದು ಬಾಟಲಿ ಥಿನ್ನರ್ ತೆಗೆದುಕೊಂಡು ನಲವತ್ತು ಕಂಪ್ಯೂಟರ್‌ಗಳ ಬೆನ್ನು ಒರೆಸಲು ಕೂತ. ಇದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಕೆಲಸ ಹಿಡಿದ ಮೇಲೆ ಅರ್ಧಕ್ಕೆ ಬಿಡುವುದು ಅವನಿಗೆ ಗೊತ್ತಿಲ್ಲ, ಸುಳ್ಳಿನ ಕೆಲಸವನ್ನೂ ಅಷ್ಟೇ ಅಚ್ಚುಕಟ್ಟಾಗಿ ಮಾಡಿದ. ಕುಂಕುಮ ಅಳಿಸುವುದು ಯಾರ ಮನೆಯಲ್ಲೂ ಶುಭದ ಕೆಲಸವಲ್ಲ. ಚಿಂದಿ ಕೆಂಪಾಯಿತು, ಬೆರಳು ಕೆಂಪಾದವು, ಬಸ್ಸಿನಲ್ಲಿ ಬರುವಾಗ ಅವನು ಕೈಗಳನ್ನು ಕಿಸೆಯಲ್ಲಿ ಇಟ್ಟುಕೊಂಡೇ ಕೂತಿದ್ದ.

ಹದಿನೈದು ದಿನ ಏನೂ ಆಗಲಿಲ್ಲ. ಅದೇ ಹೆಚ್ಚು ಹೆದರಿಸಿತು. ಮಗಳು ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋಗುವಾಗ ಅವನು ತಲೆಯೆತ್ತುತ್ತಿರಲಿಲ್ಲ. ಊಟ ಅರ್ಧಕ್ಕೆ ಬಿಡುತ್ತಿದ್ದ. ‘ಏನಾಗೇತಿ ನಿಮಗ, ದೆವ್ವ ಬಡದಾರಂಗ ಯಾಕ ಕುಂತಿರತೀರಿ?’ ಎಂದು ಗಂಗಾ ಕೇಳಿದರೆ ಪಿತ್ತ ಎನ್ನುತ್ತಿದ್ದ. ಫೋನ್ ಬಂದಾಗಲೆಲ್ಲ ಕೌಶಿಕರದೇ ಇರಬೇಕು, ಆರ್ಡರ್ ಬಂತೆಂದು ಹೇಳಲು ಇರಬೇಕು ಎಂದು ಎತ್ತುತ್ತಿದ್ದ. ಯಾರದೋ ಮನೆಯ ಫ್ಯಾನ್ ತಿರುಗುತ್ತಿರಲಿಲ್ಲ, ಅಷ್ಟೇ.

ಮಾರ್ಚ್ ಮೊದಲ ದಿನ ಆಫೀಸಿನ ಗೋಡೆಗೆ ಕಾಗದ ಅಂಟಿಸಿದರು. ಮೂವತ್ತೊಂದಕ್ಕೆ ಕೆಲಸ ಕೊನೆ, ಎಲ್ಲರಿಗೂ ಧನ್ಯವಾದ. ಅದೇ ವಾರ ರೇಣುವಿನ ಜೊತೆ ಕೆಲಸ ಮಾಡುವ ಆಕಾಶ ಎಂಬ ಹುಡುಗ ಮದುವೆಯೊಂದಕ್ಕೆ ರಾಮದುರ್ಗಕ್ಕೆ ಹೋದವನು ಬಸ್‌ ಸ್ಟ್ಯಾಂಡಿನಲ್ಲಿ ಬ್ಯಾನರ್ ನೋಡಿ ಬಂದ. ಹೊಸ ಸಾಫ್ಟ್‌ವೇರ್ ಕಂಪನಿ, ಅನುಭವ ಬೇಡ, ಹೊಸಬರಿಗೆ ಮಾತ್ರ ಎಂದಿತ್ತಂತೆ. ಕೆಳಗಿನ ಫೋನ್ ನಂಬರು ಬೈಲಹೊಂಗಲದ ಆಫೀಸಿನದೇ. ಹುಡುಗರು ಎರಡಕ್ಕೆ ಎರಡು ಕೂಡಿಸಿದರು.

ಆ ಸಂಜೆ ರೇಣು ಮನೆಗೆ ಬಂದಾಗ ಅವಳ ಕಣ್ಣು ಉರಿಯುತ್ತಿತ್ತು. ‘ಅಪ್ಪಾ, ಬೆಳಗಾವಿಯಾಗ ಕಂಪನಿಗೆ ಸವಲತ್ತ ಕೊಡೋ ಸರಕಾರಿ ಆಫೀಸಿಗೆ ಅರ್ಜಿ ಕೊಟ್ಟೇವಿ. ನಮ್ಮ ಘಟಕನ ಕಿತ್ತು ಅಲ್ಲಿ ಹಚ್ಚಾಕತ್ತಾರ. ಅದು ಸಾಬೀತಾದ್ರ ಅವರಿಗೆ ಅಲ್ಲಿ ಸವಲತ್ತ ಸಿಗಂಗಿಲ್ಲ, ಇಲ್ಲೇ ಉಳೀಬೇಕಾಗತೈತಿ. ಹದಿನೆಂಟಕ್ಕ ಕರದಾರ. ನೀನೂ ಬಾ.’

‘ನಾ ಯಾಕವಾ?’

‘ನಮ್ಮ ಆಫೀಸಿನ ಯಂತ್ರ ನಿನ್ನಷ್ಟ ಯಾರಿಗೆ ಗೊತ್ತದಾವು? ನೀ ಹೋಗಿ ನೋಡಿ ಇವು ಅವ ಅಂತ ಹೇಳಿದ್ರ ಮುಗದ ಹೋತು. ನಿನ್ನ ಮಾತಿಗೆ ಬೆಲಿ ಐತಿ.’

ಆಗ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳಿದರೆ ಆರ್ಡರ್ ಹೋಗುತ್ತದೆ, ಹೇಳದಿದ್ದರೆ ಕನಿಷ್ಠ ಇವಳೊಬ್ಬಳಾದರೂ ಉಳಿಯುತ್ತಾಳೆ ಎಂದು ಅವನ ಮನಸ್ಸು ಲೆಕ್ಕ ಹಾಕಿತು. ‘ಬರತೇನಿ’ ಎಂದ. ಮರುದಿನ ಕೌಶಿಕರಿಗೆ ಫೋನ್ ಮಾಡಿದ. ‘ಹೆದರಬ್ಯಾಡ್ರಿ, ಬರದದ್ದಕ್ಕ ಗಟ್ಟಿಯಾಗಿ ನಿಲ್ಲರಿ. ಆರ್ಡರ್ ಎಲ್ಲೂ ಹೋಗೂದಿಲ್ಲ’ ಎಂದರು ಅವರು.

ಹದಿನೆಂಟರಂದು ಹತ್ತು ಜನ ಬೆಳಗಾವಿಯ ಬಸ್ಸು ಹತ್ತಿದರು. ಒಂಬತ್ತು ಹುಡುಗ ಹುಡುಗಿಯರು, ಒಬ್ಬ ಸದಾಶಿವ. ಮಕ್ಕಳು ದಾರಿಯುದ್ದಕ್ಕೂ ಚುರಮುರಿ ತಿನ್ನುತ್ತ, ಅವನಿಗೂ ಕೊಡುತ್ತ ಹೋದರು. ಕಚೇರಿಯಲ್ಲಿ ಅಧಿಕಾರಿ ನಿವೃತ್ತಿಗೆ ಹತ್ತಿರವಿದ್ದ ಹೆಣ್ಣುಮಗಳು. ಅರ್ಜಿದಾರರ ಕಡೆಯಿಂದ ಇಬ್ಬರೇ ಒಳಗೆ ಬರಬೇಕೆಂದರು. ರೇಣು ಅಪ್ಪನ ಕೈ ಹಿಡಿದುಕೊಂಡು ಒಳಗೆ ನಡೆದಳು. ಕೌಶಿಕ ಆಗಲೇ ಅಲ್ಲಿ ಕೂತಿದ್ದರು. ಸದಾಶಿವನನ್ನು ಕಂಡು ಪರಿಚಯವಿಲ್ಲದವರಂತೆ ತಲೆಯಾಡಿಸಿದರು.

ರೇಣು ಚೆನ್ನಾಗಿ ಮಾತಾಡಿದಳು. ಎಲ್ಲೂ ತಡವರಿಸದೆ, ಸಿಟ್ಟು ತೋರಿಸದೆ, ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ಹೇಳುವುದೇ ಅವಳ ಕೆಲಸವಾಗಿತ್ತಲ್ಲ. ನಲವತ್ತು ಯಂತ್ರ ಹೋದ ದಿನ, ಟೆಂಪೋ, ಬ್ಯಾನರಿನ ಫೋಟೋ, ಎಲ್ಲವನ್ನೂ ಮೇಜಿನ ಮೇಲಿಟ್ಟಳು. ಕೊನೆಗೆ ಹೇಳಿದಳು: ‘ಇವರು ನಮ್ಮಪ್ಪ್ರಿ. ವೈರಮನ್ ಅದಾರ. ನಮ್ಮ ಆಫೀಸಿನ ಒಂದೊಂದ ಯಂತ್ರನೂ ಇವರಿಗೆ ಗೊತ್ತದಾವ್ರಿ. ಇವರನ್ನ ಕಳಿಸಿ ನೋಡಸ್ರಿ.’

‘ಹೆಸರು?’ ಎಂದರು ಅಧಿಕಾರಿ.

‘ಸದಾಶಿವ ಶಂಕ್ರೆಪ್ಪ.’

ಅವರು ಪೆನ್ನು ನಿಲ್ಲಿಸಿದರು. ಕಡತದ ಹಾಳೆಗಳನ್ನು ಹಿಂದಕ್ಕೆ ತಿರುವಿದರು, ಒಂದು ಕಾಗದ ಹೊರಗೆ ತೆಗೆದು ಮೇಜಿನ ಮೇಲೆ ಈ ಕಡೆ ತಿರುಗಿಸಿಟ್ಟರು. ‘ಈ ಸಹಿ ನಿಮ್ಮದ ಏನ್ರಿ?’

ರೇಣು ಬಗ್ಗಿ ನೋಡಿದಳು. ಅಂಗನವಾಡಿಗೆ ಸೇರಿಸಿದ ದಿನದಿಂದ ಕಾಲೇಜಿನ ಅರ್ಜಿಯ ತನಕ ಅವಳ ಪ್ರತಿಯೊಂದು ಕಾಗದದ ಮೇಲೆ ಬಿದ್ದ ಸಹಿ ಅದು. ಗುರುತು ಹಿಡಿಯಲು ಅವಳಿಗೆ ಹೆಸರು ಓದಬೇಕಾಗಿರಲಿಲ್ಲ. ಮೇಲಿನ ಸಾಲುಗಳನ್ನು ಮಾತ್ರ ಓದಿದಳು, ನಿಧಾನವಾಗಿ, ಎರಡು ಸಲ. ಹಿಡಿದಿದ್ದ ಕೈ ಬಿಟ್ಟಳು.

‘ನಂದ ಐತ್ರಿ’ ಎಂದ ಸದಾಶಿವ.

‘ಅಂದ್ರ ಆ ಯಂತ್ರ ಹೊಸಾವು?’

ಸದಾಶಿವ ಮಗಳ ಕಡೆ ನೋಡಲಿಲ್ಲ, ಕೌಶಿಕರ ಚೀಲದ ಕಡೆ ನೋಡಿದ. ಆರ್ಡರ್ ಬಹುಶಃ ಅದರೊಳಗೇ ಇರಬೇಕು ಅನ್ನಿಸಿತು. ಇವತ್ತು ಇವಳು ಬೈದರೂ ನಾಳೆ ತಿಳಿಯುತ್ತಾಳೆ.

‘ಹೊಸಾವ್ರಿ’ ಎಂದ.

ಅಧಿಕಾರಿ ಅದನ್ನು ಬರೆದುಕೊಂಡು ಅವನಿಂದ ಸಹಿ ಮಾಡಿಸಿಕೊಂಡರು. ಅರ್ಜಿಯ ಮೇಲೆ ಏನೋ ಗೀಚಿ ಬದಿಗಿಟ್ಟರು. ರೇಣು ಇನ್ನೂ ನಿಂತೇ ಇದ್ದಳು. ಅವಳ ದನಿ ಈಗ ಬೇರೆಯಾಗಿತ್ತು. ‘ಮೇಡಂ, ಹಂಗಾದ್ರ ನಮ್ಮ ಪೈಕಿ ಯಾರನ್ನರ ರಾಮದುರ್ಗಕ್ಕ ತಗೋತಾರೇನ್ರಿ?’

‘ಅದು ಹೆಂಗ ಆಗತದವಾ? ಹಳೇ ಘಟಕದ ಒಬ್ಬರು ಅಲ್ಲಿಗೆ ಹೋದ್ರೂ ಅದು ಹೊಸದಾಗಿ ಉಳಿಯೂದಿಲ್ಲ, ಸವಲತ್ತು ಹೋಗತದ. ಅವರ ಬರದ ಕೊಟ್ಟಾರ ನೋಡು.’ ಅವರು ಇನ್ನೊಂದು ಹಾಳೆಯ ಮೇಲೆ ಬೆರಳಿಟ್ಟು ಓದಿದರು. ‘ಬೈಲಹೊಂಗಲದ ಘಟಕದ ಯಾವೊಬ್ಬ ನೌಕರರನ್ನೂ ತೆಗೆದುಕೊಂಡಿಲ್ಲ, ತೆಗೆದುಕೊಳ್ಳುವುದಿಲ್ಲ. ಜನವರಿ ಒಂಬತ್ತನೇ ತಾರೀಖು.’

ಜನವರಿ ಒಂಬತ್ತು. ಸದಾಶಿವ ಸಹಿ ಮಾಡಿದ್ದು ಫೆಬ್ರುವರಿಯಲ್ಲಿ. ಅವನು ಕೌಶಿಕರನ್ನು ನೋಡಿದ. ಅವರು ಚೀಲದ ಜಿಪ್ ಎಳೆಯುತ್ತಿದ್ದರು, ಎಂದಿನಂತೆ ಮೆತ್ತಗೆ. ಆಗಲೂ ಹೇಳಬಹುದಿತ್ತು. ಕುಂಕುಮದ ಮಾತು, ಥಿನ್ನರ್ ಮಾತು, ಎಲ್ಲ. ಆದರೆ ಎದುರಿಗೆ ಒಂದಲ್ಲ, ಎರಡು ಸಹಿ ಇದ್ದವು. ಎರಡನೆಯದರ ಮಸಿ ಇನ್ನೂ ಆರಿರಲಿಲ್ಲ. ಲೈಸೆನ್ಸ್ ಹೋಗುವುದು, ಪೊಲೀಸರು ಬರುವುದು, ಊರಿನವರು ನೋಡುವುದು, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ಸದಾಶಿವ ಹೆದರಿದ. ಮಗಳ ಹಿಂದೆ ಹೊರಗೆ ನಡೆದ.

ಹೊರಗೆ ಎಂಟು ಜನ ಬೇವಿನ ಮರದ ಕೆಳಗೆ ಕಾಯುತ್ತಿದ್ದರು. ರೇಣುವಿನ ಮುಖ ನೋಡಿಯೇ ಅವರಿಗೆ ತಿಳಿಯಿತು. ಯಾರೂ ಅಳಲಿಲ್ಲ. ಬಸ್ಸಿನಲ್ಲಿ ರೇಣು ಕಿಟಕಿಯ ಪಕ್ಕ ಕೂತಳು, ಹಿಂದಿನ ಸೀಟಿನಲ್ಲಿ ಸದಾಶಿವ, ಅವನ ಪಕ್ಕದಲ್ಲಿ ಆಕಾಶ. ಊರು ದಾಟಿದ ಮೇಲೆ ಆಕಾಶ ಮುಂದಕ್ಕೆ ಬಾಗಿ ಕೇಳಿದ.

‘ಅಲ್ಲಾ ರೇಣು, ಯಂತ್ರ ಹೊಸಾವು ಅಂತ ಯಾರ ಬರದ ಕೊಟ್ಟಾರ? ಹೆಸರ ಇತ್ತಲ್ಲ?’

ರೇಣು ಕಿಟಕಿಯ ಕಡೆಯೇ ತಿರುಗಿದ್ದಳು. ಹಿಂದೆ ಕೂತ ಸದಾಶಿವನಿಗೆ ಅವಳ ಕಿವಿಯ ಓಲೆ ಮಾತ್ರ ಕಾಣುತ್ತಿತ್ತು. ಹುಟ್ಟಿದಂದಿನಿಂದ ಅವಳು ಅವನ ಮುಂದೆ ಒಂದು ಸುಳ್ಳು ಹೇಳಿದ್ದು ಅವನಿಗೆ ನೆನಪಿಲ್ಲ.

‘ಯಾವನೋ ವೈರಮನ್’ ಎಂದಳು. ‘ಹೆಸರ ಸರಿ ಕಾಣಲಿಲ್ಲ.’

ಆಕಾಶ ಹಲ್ಲು ಕಡಿದ. ‘ಲೈಸೆನ್ಸ್ ಇದ್ದಾವರು ನಮ್ಮ ಕಡೆ ಎಷ್ಟ ಮಂದಿ ಇರತಾರ? ಹತ್ತೋ ಹನ್ನೆರಡೋ. ಒಬ್ಬೊಬ್ಬರ ಮನಿಗೆ ಹೋಗಿ ಕೇಳೂಣು.’ ಆಮೇಲೆ ಅವನು ಪಕ್ಕಕ್ಕೆ ತಿರುಗಿ, ತುಂಬ ಮರ್ಯಾದೆಯಿಂದ, ಸದಾಶಿವನ ಮೊಣಕಾಲು ಮುಟ್ಟಿ ಹೇಳಿದ: ‘ಕಾಕಾ, ನಿಮಗ ಎಲ್ಲಾರೂ ಗೊತ್ತಿರತಾರಲ್ರಿ. ಅವನ್ನ ಹುಡಕಾಕ ನಮ್ಮ ಜೋಡಿ ನೀವ ಬರಬೇಕ್ರಿ.’

ಮುಂದಿನ ಸೀಟುಗಳಿಂದ ಏಳು ತಲೆಗಳು ಹಿಂದಕ್ಕೆ ತಿರುಗಿ ಅವನ ಉತ್ತರಕ್ಕೆ ಕಾದವು. ರೇಣು ಮಾತ್ರ ತಿರುಗಲಿಲ್ಲ.

‘ಆತು’ ಎಂದ ಸದಾಶಿವ. ‘ಬರತೇನಿ.’